ಮೊಲೆ, ಮುಡಿ, ಉಡಿದಾರ

ಹುಣ್ಣಿಮೆಯ ದಿನ ಕೊಪ್ಪಳದಿಂದ ಹೊಸಪೇಟೆ ಕಡೆ ಹೋಗುವ ಪ್ಯಾಸೆಂಜರ್ ರೈಲು ಮುನಿರಾಬಾದಿನಲ್ಲಿ ಅರ್ಧ ಖಾಲಿಯಾಗುತ್ತದೆ. ಇಳಿದವರು ಹುಲಿಗೆಮ್ಮನ ಗುಡಿಯ ಹಾದಿ ಹಿಡಿಯುತ್ತಾರೆ. ಆ ರೈಲಿನಲ್ಲಿ ಗಂಡಾಗಿ ಹುಟ್ಟಿ ದೇವಿಯ ಹೆಸರಲ್ಲಿ ಸೀರೆ ಉಟ್ಟ, ಹಣೆತುಂಬ ಭಂಡಾರ ಹಚ್ಚಿಕೊಂಡ ಜೋಗತಿಯರು ಇದ್ದೇ ಇರುತ್ತಾರೆ. ಅವರು ಬಂದಾಗ "ಎವ್ವಾ, ತಗೋ" ಎಂದು ಹತ್ತು ರೂಪಾಯಿ ಕೊಡುವ ಕೈಗಳಿವೆ, ಕೂಸಿನ ತಲೆ ಮುಟ್ಟಿಸಿಕೊಳ್ಳುವ ತಾಯಂದಿರಿದ್ದಾರೆ. ಅವರು ಮುಂದಿನ ಸೀಟಿಗೆ ದಾಟಿದ ಮೇಲೆ ಹಿಂದಿನಿಂದ ಒಂದು ಮಾತು ಸಣ್ಣ ದನಿಯಲ್ಲಿ ಹೊರಡುತ್ತದೆ. "ಹೆಣ್ಣೂ ಅಲ್ಲ, ಗಂಡೂ ಅಲ್ಲ." ಯಾರೋ ಕಿಸಕ್ಕೆನ್ನುತ್ತಾರೆ. ನಮ್ಮ ಕಡೆ ಇದು ಬೈಗುಳ. ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಹೈಸ್ಕೂಲಿನ ಹಿಂದಿನ ಬೆಂಚಿನಲ್ಲಿ ಇದೇ ನಾಲ್ಕು ಪದ, ಇದೇ ಕ್ರಮ.

ಅದೇ ಹೈಸ್ಕೂಲಿನ ಮುಂದಿನ ಬೆಂಚಿನಲ್ಲಿ ಈ ನಾಲ್ಕು ಪದ ಕಂಠಪಾಠಕ್ಕೂ ಬರುತ್ತವೆ. ಅಲ್ಲಿ ಅವು ಜೇಡರ ದಾಸಿಮಯ್ಯನವು. "ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ, ಗಂಡೂ ಅಲ್ಲ ಕಾಣಾ ರಾಮನಾಥ." ಭಾಷಣಕ್ಕೆ, ಮಹಿಳಾ ದಿನದ ಬ್ಯಾನರಿಗೆ, ಮಠದ ಪ್ರವಚನಕ್ಕೆ ಇಷ್ಟು ಒದಗಿಬರುವ ವಚನ ಇನ್ನೊಂದಿಲ್ಲ. ಕೇಳಿದವರು ತಲೆದೂಗುತ್ತಾರೆ. ಆತ್ಮಕ್ಕೆ ಹೇಳಿದರೆ ತತ್ವ, ಎದುರಿಗೆ ನಿಂತ ಮನುಷ್ಯರಿಗೆ ಹೇಳಿದರೆ ಬೈಗುಳ. ಒಂದೇ ಸಾಲು ಎರಡೂ ಕೆಲಸಕ್ಕೆ ಹೇಗೆ ಒದಗುತ್ತದೆ ಎಂಬುದು ಕೊರೆಯುವ ಪ್ರಶ್ನೆ. ತಪ್ಪು ಓದುವವರದೋ, ಸಾಲಿನೊಳಗೇ ಅದಕ್ಕೆ ಸಂದು ಇದೆಯೋ?

ಈ ಪ್ರಶ್ನೆಯನ್ನು ಯಾವ ವಿಮರ್ಶಕರಿಗಿಂತ ಚೂಪಾಗಿ ಎತ್ತಿದ್ದು ಒಂದು ಪುಸ್ತಕದ ಹೆಸರು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜಮ್ಮ ಜೋಗತಿಯವರ ಆತ್ಮಕಥನಕ್ಕೆ 'ನಡುವೆ ಸುಳಿವ ಹೆಣ್ಣು' ಎಂದು ಹೆಸರು. ದಾಸಿಮಯ್ಯನ ಸಾಲಿನಲ್ಲಿ ಬದಲಾಗಿದ್ದು ಒಂದೇ ಪದ. ಆತ್ಮ ಹೋಗಿ ಹೆಣ್ಣು ಬಂತು. ಈ ಒಂದು ಪದದ ಬದಲಾವಣೆಯನ್ನು ಶ್ಲೇಷೆ ಎಂದು ನಕ್ಕು ಮುಂದೆ ಹೋಗಬಹುದು. ನಿಂತು ನೋಡಿದರೆ ಅದು ವಚನಕ್ಕೆ ಹಾಕಿದ ತಕರಾರು. ಆತ್ಮದ ಮಾತು ಆಮೇಲೆ ಆಗಲಿ, ನಡುವೆ ಸುಳಿಯುತ್ತಿರುವುದು ನಾನು, ಸೀರೆ ಉಟ್ಟ ನಾನು.

ಎಂಬರು

ಮೊದಲು ವ್ಯಾಕರಣ. ದಾಸಿಮಯ್ಯ ಮೊಲೆ ಮುಡಿ ಬಂದರೆ 'ಹೆಣ್ಣು' ಎಂದು ಹೇಳಿಲ್ಲ, 'ಹೆಣ್ಣೆಂಬರು' ಎಂದು ಹೇಳಿದ್ದಾನೆ. ಎಂಬರು ಎಂದರೆ ಎನ್ನುವರು, ಕರೆಯುವರು. ಯಾರು? ಕರ್ತೃಪದ ಇಲ್ಲ. ಊರೋ, ಬಳಗವೋ, ಕುಲವೋ, ಯಾರೆಂದು ಹೇಳದೆ ಕ್ರಿಯಾಪದ ಮಾತ್ರ ನಿಂತಿದೆ. ಪೋಸ್ಟರಿನಲ್ಲಿ, ಭಾಷಣದಲ್ಲಿ ಈ ವಚನವನ್ನು ಸಾರಾಂಶ ಮಾಡುವಾಗ ಮೊದಲು ಉದುರುವುದು ಇದೇ 'ಎಂಬರು'. "ಸ್ತನ ಬಂದರೆ ಹೆಣ್ಣು, ಗಡ್ಡ ಬಂದರೆ ಗಂಡು, ಆದರೆ ಆತ್ಮ ಎರಡೂ ಅಲ್ಲ" ಎಂದು ಬಿಡಿಸಿ ಹೇಳಿದ ಕೂಡಲೇ ಮೊದಲ ಎರಡು ಸಾಲು ಪ್ರಕೃತಿ ನಿಯಮವಾಗಿಬಿಡುತ್ತವೆ. ಮೂಲದಲ್ಲಿ ಅವು ಜನರ ಮಾತು, ಅಷ್ಟೇ.

ಎರಡನೆಯದು 'ಬಂದಡೆ'. ಇದ್ದಡೆ ಅಲ್ಲ, ಬಂದಡೆ. ಕೂಸು ಹುಟ್ಟಿದಾಗ ಸೂಲಗಿತ್ತಿ ಹೇಳುವ ಹೆಣ್ಣು-ಗಂಡಿನ ಸುದ್ದಿ ಇದಲ್ಲ. ಹನ್ನೆರಡು ಹದಿಮೂರರ ವಯಸ್ಸಿಗೆ ಮೈಮೇಲೆ ಒಂದೊಂದಾಗಿ ಬರುವ ಗುರುತುಗಳ ಮಾತು. ಹೆಣ್ತನ ಗಂಡಸ್ತನಗಳನ್ನು ಬರುವ ವಸ್ತುವಾಗಿ ಕಾಣುವ ಈ ನೋಟ ಸಣ್ಣದಲ್ಲ, ಯಾಕೆಂದರೆ ಬರುವುದು ತಡವಾಗಬಹುದು, ಬರದೇ ಇರಬಹುದು, ಬಾರದವರಿಗೆ ಬರಲಿ ಎಂದು ಹರಕೆ ಹೊರಬಹುದು, ಬಂದವರಿಗೆ ಅದು ಬೇಡವೂ ಆಗಬಹುದು. ಜೋಗತಿಯರ ಕತೆಗಳೆಲ್ಲ ತಿರುಗುವುದು ಇದೇ ವಯಸ್ಸಿನಲ್ಲಿ.

ಮುಡಿ ಎಂಬ ಪದವೂ ನೇರವಲ್ಲ. ಮೊಲೆ ತಾನಾಗಿ ಬರುತ್ತದೆ. ಮುಡಿ ಎಂದರೆ ಬರೀ ಕೂದಲಲ್ಲ, ಕಟ್ಟಿದ ತುರುಬು. ಯಾರೋ ಎಣ್ಣೆ ಹಚ್ಚಿ, ಬಾಚಿ, ಕಟ್ಟಬೇಕು. ಅದೂ ಆ ಕಾಲದ ವೀರಗಲ್ಲುಗಳಲ್ಲಿ ಕತ್ತಿ ಹಿಡಿದು ನಿಂತ ಗಂಡಸಿಗೂ ತುರುಬು ಇದೆ. ಅಂದರೆ ಪಟ್ಟಿಯ ಎರಡನೆಯ ಗುರುತಿಗೇ ದಾಸಿಮಯ್ಯನ ಕಣ್ಣೆದುರಿನಲ್ಲಿ ಅಪವಾದಗಳು ಓಡಾಡಿಕೊಂಡಿದ್ದವು. ಗಡ್ಡ ಮೀಸೆಯದೂ ಅದೇ ಪಾಡು. ಹಜಾಮ ಒಂದು ಗಳಿಗೆಯಲ್ಲಿ ಅಳಿಸಬಲ್ಲ ಗಂಡಸ್ತನ ಎಂಥದ್ದು?

ಆಮೇಲೆ ಬರುವುದು ಸಂದು. 'ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ' ಎನ್ನುವಾಗ ಆತ್ಮಕ್ಕೆ ಹತ್ತಿದ ಪ್ರತ್ಯಯ ನೋಡಿ. ಆತ್ಮ'ನು'. ಕನ್ನಡದಲ್ಲಿ ಇದು ಪುಲ್ಲಿಂಗದ ರೂಪ. ರಾಮನು, ಅರಸನು ಇದ್ದ ಹಾಗೆ. ಎರಡೂ ಅಲ್ಲ ಎಂದು ಸಾರುವ ವಾಕ್ಯದ ಕರ್ತೃವೇ ವ್ಯಾಕರಣದಲ್ಲಿ ಗಂಡು. ದಾಸಿಮಯ್ಯ ಇದನ್ನು ಬೇಕೆಂದು ಮಾಡಿದ ಎಂದು ಹೇಳುವುದು ಅತಿ. ಸಂಸ್ಕೃತದಲ್ಲೂ ಆತ್ಮನ್ ಪುಲ್ಲಿಂಗವೇ, ಅವನು ಇದ್ದ ಪದವನ್ನು ಇದ್ದ ಹಾಗೆ ಬಳಸಿದ. ಆದರೆ 'ಮನುಷ್ಯನು' ಎಂದಾಗ ಗಂಡಸೇ ಕಣ್ಣ ಮುಂದೆ ಬರುವ ಅಭ್ಯಾಸ ಇಲ್ಲೂ ಕೆಲಸ ಮಾಡುತ್ತದೆ. ಇದು ಸುಮ್ಮನೆ ಕೂದಲು ಸೀಳುವುದಲ್ಲ ಎಂಬುದು ಶರಣೆ ಗೊಗ್ಗವ್ವೆಯ ಹತ್ತಿರ ಹೋದಾಗ ಗೊತ್ತಾಗುತ್ತದೆ.

ಲಾಳಿ

ಅದಕ್ಕೂ ಮೊದಲು 'ನಡುವೆ ಸುಳಿವ'. ಆತ್ಮ ಎಂದ ಕೂಡಲೇ ಉಪನಿಷತ್ತಿಗೆ ಓಡುವವರು ಒಂದು ಸಂಗತಿ ಮರೆಯುತ್ತಾರೆ. ಇದನ್ನು ಹೇಳಿದವನು ನೇಕಾರ. ಊರು ಮುದನೂರು, ಕೃಷ್ಣೆಯ ಆಚೆ ಸುರಪುರದ ಸೀಮೆ, ಕಸುಬು ಮಗ್ಗ. ಕೊಪ್ಪಳದ ಮಗ್ಗುಲಿಗೇ ಇರುವ ಭಾಗ್ಯನಗರ ನೇಕಾರರ ಊರು. ಅಲ್ಲಿ ಮಗ್ಗ ನೋಡಿದವರಿಗೆ ಈ ಸಾಲು ಬೇರೆಯೇ ಕಾಣುತ್ತದೆ. ಹಾಸಿನ ಎಳೆಗಳು ಉದ್ದಕ್ಕೆ ಬಿಗಿದು ನಿಂತಿರುತ್ತವೆ. ಕಾಲಿನ ಮಣೆ ತುಳಿದರೆ ಅವು ಎರಡಾಗಿ ಬಿಚ್ಚುತ್ತವೆ, ಅರ್ಧ ಮೇಲೆ, ಅರ್ಧ ಕೆಳಗೆ, ನಡುವೆ ಒಂದು ಬಾಯಿ. ಆ ಬಾಯಲ್ಲಿ ಲಾಳಿ ಆಚೆಯಿಂದ ಈಚೆಗೆ ಸುಳಿಯುತ್ತದೆ, ಅದರ ಹೊಟ್ಟೆಯೊಳಗಿನ ಕಂಡಿಕೆಯಿಂದ ಹೊಕ್ಕಿನ ನೂಲು ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಮಣೆ ತುಳಿದರೆ ಮೇಲಿದ್ದ ಎಳೆ ಕೆಳಗೆ, ಕೆಳಗಿದ್ದದ್ದು ಮೇಲೆ. ಲಾಳಿ ಮತ್ತೆ ನಡುವೆ. ಇದು ಕುಣಿಮಗ್ಗದಲ್ಲಿ ಕೂತವನ ದಿನದ ಸಾವಿರಾರು ಸಲದ ಕೆಲಸ.

ಈ ಚಿತ್ರ ಕಣ್ಣಲ್ಲಿದ್ದರೆ ಸುಳಿ ಎಂಬ ಕ್ರಿಯೆಗೆ ತೂಕ ಬರುತ್ತದೆ. ನಡುವೆ 'ಇರುವ' ಆತ್ಮ ಎಂದಿದ್ದರೆ ಅದು ಮೂರನೆಯದೊಂದು ಜಾಗ, ಮೂರನೆಯ ಖಾನೆ ಆಗುತ್ತಿತ್ತು. ಸುಳಿವುದು ನಿಲ್ಲದು, ಗಾಳಿ ಸುಳಿದ ಹಾಗೆ, ಲಾಳಿ ಸುಳಿದ ಹಾಗೆ. ಅದಕ್ಕಿಂತ ಮುಖ್ಯ, ಹಾಸಿನ ಎರಡು ಪದರಗಳಿಗೆ ಮೇಲು ಕೆಳಗು ಎಂಬುದು ಖಾಯಂ ಇಲ್ಲ, ಒಂದು ತುಳಿತಕ್ಕೆ ಅದಲುಬದಲು. ಲಾಳಿ ಸುಳಿಯದಿದ್ದರೆ ಎರಡು ಪದರ ಎಳೆಗಳು ಎಳೆಗಳಾಗಿಯೇ ಉಳಿಯುತ್ತವೆ, ಬಟ್ಟೆ ಆಗುವುದಿಲ್ಲ. ದಾಸಿಮಯ್ಯನ ಮನಸ್ಸಿನಲ್ಲಿ ಮಗ್ಗವೇ ಇತ್ತು ಎಂದು ಪ್ರಮಾಣ ಮಾಡಬೇಕಿಲ್ಲ. ಆದರೆ ಅವನ ಇನ್ನೊಂದು ವಚನದಲ್ಲಿ ಲಾಳಿ, ಕಂಡಿಕೆ ಎಲ್ಲ ಬಂದು, ಕೊನೆಗೆ ಈ ಸೀರೆಯ ನೆಯ್ದವನು ನಾನೋ ನೀನೋ ಎಂದು ರಾಮನಾಥನನ್ನೇ ಕೇಳುತ್ತಾನೆ. ಅಲ್ಲಿನ 'ಸೀರೆ' ಹೆಂಗಸರ ಉಡುಗೆ ಮಾತ್ರವೇ ಆಗಬೇಕಿಲ್ಲ. ಹಳೆಯ ಕನ್ನಡದಲ್ಲಿ ಸೀರೆ ಎಂದರೆ ಬಟ್ಟೆ, ಗಂಡಸೂ ಸೀರೆ ಉಡುತ್ತಿದ್ದ. ಪದವೊಂದು ಕಾಲಾಂತರದಲ್ಲಿ ಹೆಣ್ಣಾಯಿತು.

ಕಾಸೆ, ಕಠಾರ

ಈ ವಚನ ಒಂಟಿಯಲ್ಲ. ಅದರ ಬೆನ್ನಿಗೆ ಇನ್ನೆರಡಿವೆ, ಎರಡೂ ಹೆಂಗಸರವು, ಎರಡನ್ನೂ ಬ್ಯಾನರಿನ ಮೇಲೆ ಕಾಣುವುದು ಅಪರೂಪ. ಧೂಪದ ಕಾಯಕದ ಗೊಗ್ಗವ್ವೆ ಹೇಳುತ್ತಾಳೆ: "ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಮೀಸೆ ಕಾಸೆ ಬಂದಡೆ ಗಂಡೆಂಬರು; ಈ ಉಭಯದ ಜ್ಞಾನ ಹೆಣ್ಣೋ ಗಂಡೋ ನಾಸ್ತಿನಾಥಾ?" ಮೇಲ್ನೋಟಕ್ಕೆ ದಾಸಿಮಯ್ಯನ ನಕಲು. ಆದರೆ ಅವಳು ಮೂರು ಕಡೆ ಕೈ ಹಾಕಿದ್ದಾಳೆ.

ಗಡ್ಡ ತೆಗೆದು ಕಾಸೆ ಇಟ್ಟಳು. ಕಾಸೆ ಎಂದರೆ ಕಚ್ಚೆ, ಕಾಲುಗಳ ನಡುವೆ ತೆಗೆದು ಹಿಂದೆ ಸಿಗಿಸುವ ಬಟ್ಟೆ. ಗಡ್ಡ ಮೈಮೇಲೆ ಬೆಳೆಯುತ್ತದೆ, ಕಾಸೆ ಬೆಳೆಯುವುದಿಲ್ಲ, ಕಟ್ಟಬೇಕು. ಆದರೂ ಅವಳ ಕ್ರಿಯಾಪದ 'ಬಂದಡೆ' ಹಾಗೇ ಇದೆ, ಮೀಸೆ ಬಂದ ಹಾಗೆ ಕಾಸೆಯೂ ಬಂತಂತೆ! ಬಟ್ಟೆಯನ್ನೂ ಮೈಯ ಕೂದಲಿನ ಸಾಲಿಗೆ ಕೂರಿಸಿ, ಎರಡಕ್ಕೂ ಒಂದೇ ಕ್ರಿಯಾಪದ ಹಚ್ಚಿದ ಈ ತಣ್ಣನೆಯ ಕೀಟಲೆ ದಾಸಿಮಯ್ಯನಲ್ಲಿ ಇಲ್ಲ. ಎರಡನೆಯದು, 'ಆತ್ಮನು' ಹೋಗಿ 'ಜ್ಞಾನ' ಬಂತು. ಜ್ಞಾನ ನಪುಂಸಕಲಿಂಗ. ಮೇಲೆ ಹೇಳಿದ ಸಂದನ್ನು ಅವಳು ಒಂದು ಪದದಿಂದ ಮುಚ್ಚಿದಳು. ಮೂರನೆಯದು, ಅಲ್ಲ-ಅಲ್ಲ ಎಂಬ ತೀರ್ಪಿನ ಬದಲು ಓ-ಓ ಎಂಬ ಪ್ರಶ್ನೆ. ದಾಸಿಮಯ್ಯ ತನ್ನ ದೇವರಿಗೆ 'ಕಾಣಾ' ಎಂದು ತಿಳಿಸಿ ಹೇಳುತ್ತಾನೆ, ಗೊಗ್ಗವ್ವೆ ತನ್ನ ದೇವರನ್ನು ಕೇಳುತ್ತಾಳೆ. ಆ ದೇವರ ಹೆಸರು ನಾಸ್ತಿನಾಥ. ಇಲ್ಲ ಎಂಬುದರ ಒಡೆಯನನ್ನು ಇದೋ ಅದೋ ಎಂದು ಕೇಳಿದರೆ ಉತ್ತರ ಬರುವುದು ಎಲ್ಲಿಂದ?

ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ಇನ್ನೂ ಮುಂದೆ ಹೋದಳು. "ಮೊಲೆ ಮುಡಿ ಇದ್ದುದೆ ಹೆಣ್ಣೆಂದು ಪ್ರಮಾಣಿಸಲಿಲ್ಲ, ಕಾಸೆ ಮೀಸೆ ಕಠಾರವಿದ್ದುದೆ ಗಂಡೆಂದು ಪ್ರಮಾಣಿಸಲಿಲ್ಲ, ಅದು ಜಗದ ಹಾಹೆ, ಬಲ್ಲವರ ನೀತಿಯಲ್ಲ. ಏತರ ಹಣ್ಣಾದಡೂ ಮಧುರವೆ ಕಾರಣ, ಅಂದವಿಲ್ಲದ ಕುಸುಮಕ್ಕೆ ವಾಸನೆಯೆ ಕಾರಣ. ಇದರಂದವ ನೀನೆ ಬಲ್ಲೆ ಶಂಭುಜಕ್ಕೇಶ್ವರಾ." ಇಲ್ಲಿ ಇವತ್ತಿನ ಓದುಗರು ಎಡವುವುದು 'ಪ್ರಮಾಣಿಸಲಿಲ್ಲ' ಎಂಬಲ್ಲಿ. ಈಗಿನ ಕಿವಿಗೆ ಅದು ಭೂತಕಾಲ. ನಾನು ಪ್ರಮಾಣಿಸಲಿಲ್ಲ, ಹೋಗಲಿಲ್ಲ, ಬರಲಿಲ್ಲ ಎಂದ ಹಾಗೆ ಕೇಳುತ್ತದೆ. ವಚನದ ಕನ್ನಡದಲ್ಲಿ 'ಅಲಿಲ್ಲ' ಎಂದರೆ ಆಗದು, ಕೂಡದು. ಹೆಣ್ಣೆಂದು ಪ್ರಮಾಣ ಮಾಡಲು ಬರುವುದಿಲ್ಲ ಎಂಬ ಅರ್ಥ. ಭೂತಕಾಲವಾಗಿ ಓದಿದರೆ ಅದು ಒಬ್ಬ ಹೆಂಗಸಿನ ನೆನಪು, ಸರಿಯಾಗಿ ಓದಿದರೆ ಎಲ್ಲರಿಗೂ ಹಾಕಿದ ತಡೆ.

ಪಟ್ಟಿ ಹೇಗೆ ಬೆಳೆಯಿತು ನೋಡಿ. ದಾಸಿಮಯ್ಯನಲ್ಲಿ ಗಂಡಿನ ಗುರುತು ಕೂದಲು. ಗೊಗ್ಗವ್ವೆಯಲ್ಲಿ ಕೂದಲಿನ ಜೊತೆ ಬಟ್ಟೆ. ಸತ್ಯಕ್ಕನಲ್ಲಿ ಕೂದಲು, ಬಟ್ಟೆ, ಮೇಲೆ ಕಠಾರ ಎಂಬ ಕಬ್ಬಿಣ. ಹೆಣ್ಣಿನ ಪಟ್ಟಿ ಮಾತ್ರ ಮೂವರಲ್ಲೂ ಅದೇ ಮೊಲೆ ಮುಡಿ. ಗಂಡಸ್ತನಕ್ಕೆ ಸರಂಜಾಮು ಹೆಚ್ಚುತ್ತಾ ಹೋಗುತ್ತದೆ, ಕೊನೆಗೆ ಆಯುಧ ಸಿಗಿಸಿಕೊಂಡರೂ ಪ್ರಮಾಣ ಸಾಲುವುದಿಲ್ಲ. ಇದನ್ನೆಲ್ಲ ಅವಳು 'ಜಗದ ಹಾಹೆ' ಎನ್ನುತ್ತಾಳೆ. ಹಾಹೆ ಎಂದರೆ ಬೊಂಬೆ, ಮಾಡಿ ನಿಲ್ಲಿಸಿದ ರೂಪು. ದಾಸಿಮಯ್ಯನ 'ಎಂಬರು' ಇಲ್ಲಿ ಕರ್ತೃವನ್ನು ಪಡೆಯಿತು. ಎನ್ನುವುದು ಜಗ, ಅದು ಮಾಡಿದ್ದು ಬೊಂಬೆ.

ಆದರೆ ಈ ವಚನದ ನಿಜವಾದ ಬೆಲೆ ಹಣ್ಣು ಹೂವುಗಳಲ್ಲಿದೆ. ದಾಸಿಮಯ್ಯ ಮೈಯನ್ನು ದಾಟಿ ಆತ್ಮಕ್ಕೆ ಹೋದ, ಗೊಗ್ಗವ್ವೆ ಜ್ಞಾನಕ್ಕೆ. ಸತ್ಯಕ್ಕ ಮೈ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಹಣ್ಣಿಗೂ ಹೂವಿಗೂ ಮೈ ಇದೆ. ಮೊಲೆ, ಮುಡಿ, ಮೀಸೆ, ಕಾಸೆ, ಕಠಾರ ಎಲ್ಲವೂ ದೂರದಿಂದ ಕಣ್ಣಿಗೆ ಕಾಣುವ ಗುರುತುಗಳು, ರೈಲಿನ ಆಚೆ ತುದಿಯಿಂದಲೇ ಓದಿಬಿಡಬಹುದು. ಸಿಹಿ ಹಾಗಲ್ಲ, ಬಾಯಿಗೆ ಇಡಬೇಕು. ವಾಸನೆಗೆ ಹತ್ತಿರ ಹೋಗಬೇಕು. ನೋಡಿದರೆ ತಿಳಿಯದು, ನಾಲಿಗೆ ಮೂಗುಗಳಿಗೆ ತಿಳಿಯುತ್ತದೆ ಎಂದ ಹಾಗಾಯಿತು. ಕಾಮದ ಮಾತು ಇಲ್ಲಿ ಬಾಯಿಬಿಟ್ಟು ಬಂದಿಲ್ಲ. ಆದರೆ ಮೈಯನ್ನು ಮೈಯ ಹತ್ತಿರದಿಂದಲೇ ತಿಳಿಯಬೇಕು ಎಂಬ ಈ ಎರಡು ಉಪಮೆಗಳಲ್ಲಿ ಅದಿಲ್ಲ ಎಂದು ಹೇಳಲು ಧೈರ್ಯ ಬೇಕು.

ಶರಣರು ಉಟ್ಟ ಸೀರೆ

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕು. ಶರಣ ಸತಿ, ಲಿಂಗ ಪತಿ ಎಂದು ಹಾಡಿದ ಗಂಡಸರು ಹೆಣ್ಣಿನ ದನಿಯಲ್ಲಿ ಎಷ್ಟು ವಚನ ಹೇಳಿಲ್ಲ! ಉರಿಲಿಂಗದೇವ, ಗಜೇಶ ಮಸಣಯ್ಯ ಇವರ ವಚನಗಳಲ್ಲಿ ನಲ್ಲನಿಗಾಗಿ ಕಾಯುವ, ಅಪ್ಪುವ, ಗೆಳತಿಯ ಹತ್ತಿರ ಹೇಳಿಕೊಳ್ಳುವ ಹೆಣ್ಣು ನಾಚಿಕೆ ಬಿಟ್ಟು ಮಾತಾಡುತ್ತಾಳೆ. ಬಸವಣ್ಣನೂ ಒಂದು ಕಡೆ ನಿನಗಾಗಿ ಗಂಡುಡುಗೆ ಉಟ್ಟೆ, ಒಮ್ಮೆ ಗಂಡು, ಒಮ್ಮೆ ಹೆಣ್ಣಾಗುತ್ತೇನೆ ಎಂಬರ್ಥದ ಮಾತು ಹೇಳುತ್ತಾನೆ. ಹಾಗಿದ್ದ ಮೇಲೆ ಗಂಡು ಹೆಣ್ಣಾಗುವುದು ಕನ್ನಡಕ್ಕೆ ಹೊಸದೇನು?

ಹೊಸದಲ್ಲ, ನಿಜ. ಆದರೆ ಎರಡು ಸಂಗತಿ. ಈ ಭಾವದಲ್ಲಿ ಪತಿ ಪತಿಯಾಗಿಯೇ ಮೇಲೆ ಉಳಿಯುತ್ತಾನೆ, ಸತಿ ಕೆಳಗೆ, ಹೆಣ್ಣಾಗುವುದೆಂದರೆ ಬಾಗುವುದು. ಮಗ್ಗದ ಮಣೆ ಇನ್ನೊಂದು ಸಲ ತುಳಿದಂತೆ ಕಾಣುವುದಿಲ್ಲ. ಎರಡನೆಯದು, ವಚನ ಮುಗಿದ ಮೇಲೆ ಶರಣ ತನ್ನ ರುಮಾಲು ಸುತ್ತಿಕೊಂಡು ಮಹಾಮನೆಗೆ ಹೋಗಬಹುದು, ಅವನ ಗಂಡಸ್ತನಕ್ಕೆ ಯಾರೂ ಚೀಟಿ ಕೇಳುವುದಿಲ್ಲ. ಹೆಂಗಸರಿಗೆ ಆ ಸಲೀಸು ಇರಲಿಲ್ಲ. ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನನ್ನು ನೋಡಿ. ಹೆಚ್ಚಿಗೆ ಅಕ್ಕಿ ತಂದ ಗಂಡನನ್ನು ಅಂಗಳದಲ್ಲೇ ನಿಲ್ಲಿಸಿ, ಮರಳಿ ಸುರಿದು ಬಾ ಎಂದು ಕಳಿಸಿದ ಗಟ್ಟಿಗಿತ್ತಿ, ಆಸೆ ಅರಸರಿಗಲ್ಲದೆ ಭಕ್ತರಿಗುಂಟೆ ಎಂದು ಕೇಳಿದವಳು. ಅವಳ ಅಂಕಿತ ಮಾತ್ರ 'ಮಾರಯ್ಯಪ್ರಿಯ ಅಮಲೇಶ್ವರಲಿಂಗ'. ಗಂಡನ ಹೆಸರು ದಾಟಿಯೇ ದೇವರು. ಗೊಗ್ಗವ್ವೆ, ಸತ್ಯಕ್ಕ ಇಬ್ಬರ ಅಂಕಿತದಲ್ಲೂ ಗಂಡನ ಹೆಸರಿಲ್ಲ. ಗುರುತುಗಳ ಪಟ್ಟಿಯನ್ನು ತಿದ್ದಿದವರು ಇವರಿಬ್ಬರೇ ಎಂಬುದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ಗಮನಕ್ಕಂತೂ ಬರುತ್ತದೆ.

ನಡುವಿನ ದಾರ

ಈಗ ಹುಲಿಗೆಮ್ಮನ ಊರು ಹುಲಿಗಿಗೆ ಹೋಗೋಣ. ತುಂಗಭದ್ರೆಯ ದಂಡೆ, ಡ್ಯಾಮಿನ ಕೆಳಗೆ. ಮಂಜಮ್ಮನವರು ಮುತ್ತು ಕಟ್ಟಿಸಿಕೊಂಡು ದೇವಿಗೆ ಮುಡಿಪಾದದ್ದು ಇಲ್ಲಿಯೇ, 1975ರಲ್ಲಿ. ಆಗ ಅವರು ಮಂಜುನಾಥ ಶೆಟ್ಟಿ ಎಂಬ ಹುಡುಗ. ಆ ಶಾಸ್ತ್ರದಲ್ಲಿ ಏನು ನಡೆಯುತ್ತದೆ ಎಂಬುದನ್ನು ವಚನದ ಪಟ್ಟಿ ಕೈಯಲ್ಲಿ ಹಿಡಿದು ನೋಡಬೇಕು. ಹೊಳೆಯಲ್ಲಿ ಸ್ನಾನ. ಆಮೇಲೆ ಸೊಂಟದ ಉಡಿದಾರ ಹರಿಯುತ್ತಾರೆ. ಉಟ್ಟ ಲುಂಗಿ ಹೋಗುತ್ತದೆ. ಲಂಗ, ಕುಪ್ಪಸ, ಬಳೆ, ತಾಳಿ ಬರುತ್ತವೆ. ಕೊರಳಿಗೆ ಕೆಂಪು ಬಿಳಿ ಮಣಿಯ ಮುತ್ತು, ಹಣೆಗೆ ಭಂಡಾರ. ಮೈಯ ಒಂದು ಕೂದಲಿಗೂ ಕತ್ತಿ ತಾಗಿಲ್ಲ. ಹರಿದದ್ದು ಒಂದು ದಾರ, ಮಂಜುನಾಥ ಮಂಜಮ್ಮ ಆದದ್ದು ಅಲ್ಲಿಂದ.

ಉಡ್ದಾರ ಎಂದು ನಮ್ಮ ಕಡೆ ಹೇಳುವ ಈ ಕರಿಯ ದಾರ ಮೂವರ ಪಟ್ಟಿಯಲ್ಲೂ ಇಲ್ಲ. ಗಂಡುಮಗನಿಗೆ ಕೂಸಿದ್ದಾಗ ಕಟ್ಟುತ್ತಾರೆ, ಹಳತಾದರೆ ಹೊಸದು ಕಟ್ಟುತ್ತಾರೆ, ಬಟ್ಟೆಯ ಒಳಗಿರುವುದರಿಂದ ಯಾರ ಕಣ್ಣಿಗೂ ಬೀಳದು. ಮೀಸೆಯ ಹಾಗೆ ತೋರಿಕೆಗೂ ಇಲ್ಲ, ಕಠಾರದ ಹಾಗೆ ಬಳಕೆಗೂ ಇಲ್ಲ. ಆದರೂ ಹುಲಿಗಿಯಲ್ಲಿ ಗಂಡಸ್ತನದ ಗಂಟು ಇರುವುದು ಅಲ್ಲೇ. ಕನ್ನಡದಲ್ಲಿ ನಡು ಎಂದರೆ ಮಧ್ಯ, ಸೊಂಟವೂ ಹೌದು. ನಡುವೆ ಸುಳಿವುದನ್ನು ದಾಸಿಮಯ್ಯ ಆತ್ಮ ಎಂದ. ಜೋಗತಿಯರ ನಡುವಿನಲ್ಲಿ ಸುತ್ತಿಕೊಂಡಿದ್ದದ್ದು ನೂಲು. ನೇಕಾರನಿಗೆ ಈ ಮಾತು ಸಿಟ್ಟು ತರಿಸಲಿಕ್ಕಿಲ್ಲ.

ತಕರಾರು ಹುಟ್ಟುವುದು ಇಲ್ಲಿ. ವಚನ ಹೇಳುತ್ತದೆ, ಗುರುತುಗಳನ್ನು ನಂಬಬೇಡ. ಜೋಗತಿ ಸಂಪ್ರದಾಯ ಹೇಳುತ್ತದೆ, ಗುರುತುಗಳೇ ದೇವಿಯ ಕರೆ. ಕೂದಲು ಗಂಟುಗಟ್ಟಿ ಜಡೆ ಬಂದರೆ ಎಲ್ಲವ್ವ ಬಂದಳು ಎಂದು ಅರ್ಥ. ಅದನ್ನು ಕತ್ತರಿಸುವುದಿಲ್ಲ, ಭಂಡಾರ ಹಚ್ಚಿ ಕಾಪಾಡುತ್ತಾರೆ. ಇಲ್ಲೂ ಕ್ರಿಯಾಪದ 'ಬಂದರೆ' ಎಂಬುದೇ, ಇಲ್ಲೂ ಮುಡಿಯೇ, ಆದರೆ ಅರ್ಥ ಪೂರ್ತಿ ತಿರುಗಿ ನಿಂತಿದೆ. ಸೀರೆ, ಬಳೆ, ಕುಂಕುಮಕ್ಕಾಗಿ ಮನೆಯಲ್ಲಿ ಹೊಡೆತ ತಿಂದು ಹೊರಗೆ ಬಿದ್ದವರಿಗೆ ಹೋಗಿ, ತಾಯೀ ಇವೆಲ್ಲ ಬರೀ ತೋರಿಕೆ, ಒಳಗಿನ ಆತ್ಮ ಎರಡೂ ಅಲ್ಲ ಎಂದರೆ ಅದು ಸಮಾಧಾನದ ಮಾತೋ, ಹೊಸ ಹೊಡೆತವೋ? ಅವರು ಎರಡೂ ಅಲ್ಲ ಎಂದು ಕೇಳಿಲ್ಲ. ಹೆಣ್ಣು ಎಂದಿದ್ದಾರೆ. ಪುಸ್ತಕದ ಹೆಸರಿನಲ್ಲಿ ಆತ್ಮದ ಜಾಗಕ್ಕೆ ಹೆಣ್ಣು ಬಂದು ಕೂತದ್ದರ ಹಿಂದೆ ಈ ಹಟ ಕಾಣುತ್ತದೆ.

ಜೋಗತಿಯರ ಬಾಯಲ್ಲಿ ನಿಂತ ಎಲ್ಲವ್ವನ ಕತೆಯನ್ನು ಸತ್ಯಕ್ಕನ ಕಠಾರದ ಪಕ್ಕ ಇಟ್ಟು ಕೇಳಬೇಕು. ರೇಣುಕೆ ಹಸಿಮಣ್ಣಿನ ಕೊಡದಲ್ಲಿ, ಹಾವಿನ ಸಿಂಬಿಯ ಮೇಲೆ ನೀರು ತರುವವಳು. ಒಂದು ದಿನ ಮನಸ್ಸು ಅಲುಗಿತು, ಕೊಡ ನಿಲ್ಲಲಿಲ್ಲ. ಜಮದಗ್ನಿ ಮಕ್ಕಳನ್ನು ಕರೆದು ತಾಯಿಯ ತಲೆ ಕಡಿಯಲು ಹೇಳಿದ. ದೊಡ್ಡ ಮಕ್ಕಳು ಒಲ್ಲೆವೆಂದರು. ಅವರಿಗೆ ಗಂಡಸ್ತನ ಹೋಗಲಿ ಎಂಬ ಶಾಪ ಬಿತ್ತು. ಕೊಡಲಿ ಎತ್ತಿದ ಪರಶುರಾಮ ಗಂಡಾಗಿಯೇ ಉಳಿದ. ಒಲ್ಲೆವೆಂದವರು ಸೀರೆ ಉಟ್ಟು ತಾಯಿಯನ್ನು ಹಾಡುತ್ತಾ ಹೋದರು, ಜೋಗಪ್ಪ ಎಂದೂ ಕರೆಸಿಕೊಳ್ಳುವ ಈ ಜೋಗತಿಯರು ತಮ್ಮನ್ನು ಗುರುತಿಸಿಕೊಳ್ಳುವುದು ಇವರ ಜೊತೆ. ಆಯುಧ ಹಿಡಿದದ್ದೇ ಗಂಡೆಂದು ಪ್ರಮಾಣಿಸಲು ಬಾರದು ಎಂದು ಸತ್ಯಕ್ಕ ಹೇಳಿದರೆ, ಈ ಕತೆ ಆಯುಧ ಹಿಡಿಯದ್ದಕ್ಕೇ ಗಂಡೆಂಬ ಹೆಸರು ಕಳಕೊಂಡವರದು. ಚೌಡಿಕೆ ವಾದ್ಯದ ತಂತಿಯ ಜೊತೆ ತಲೆಯ ಮೇಲೆ ಕೊಡ ಹೊತ್ತು ಕೈ ಬಿಟ್ಟು ಕುಣಿಯುವಾಗ, ಅಂದು ನಿಲ್ಲದ ಕೊಡವನ್ನು ಅವರು ಮತ್ತೆ ಮತ್ತೆ ನಿಲ್ಲಿಸುತ್ತಿದ್ದಾರೆ ಅನ್ನಿಸುತ್ತದೆ.

ಹುಲಿಗಿಯನ್ನು ಹೊಗಳಿ ವಚನವನ್ನು ಕೆಳಗಿಳಿಸುವ ಉದ್ದೇಶ ಇಲ್ಲ. ಇದೇ ಮುತ್ತು ಬಡ ದಲಿತ ಮನೆಗಳ ಎಳೆಯ ಹುಡುಗಿಯರ ಕೊರಳಿಗೆ ಬಿದ್ದು, ದೇವರ ಹೆಸರಲ್ಲಿ ಊರ ಗೌಡರ ಪಾಲಾದದ್ದು ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಜ್ಯದಲ್ಲಿ 1982ರ ದೇವದಾಸಿ ನಿಷೇಧ ಕಾಯ್ದೆ ಬಂದದ್ದು ಅದಕ್ಕೇ. ಒಂದೇ ದಾರ ಒಬ್ಬರಿಗೆ ಬಾಗಿಲು, ಇನ್ನೊಬ್ಬರಿಗೆ ಕುಣಿಕೆ. ಗುರುತು ದೇವರ ಕರೆ ಎಂದು ಒಪ್ಪಿದ ಮೇಲೆ ಆ ಕರೆ ಯಾರ ಮನೆಗೆ ಮಾತ್ರ ಬರುತ್ತದೆ ಎಂದು ಕೇಳಲು ದಾಸಿಮಯ್ಯನ 'ಎಂಬರು' ಬೇಕೇ ಬೇಕು.

ಪ್ರಮಾಣಪತ್ರ

ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು, ತನ್ನ ಲಿಂಗತ್ವ ಏನೆಂದು ತಾನೇ ಹೇಳುವ ಹಕ್ಕು ಆಯಾ ವ್ಯಕ್ತಿಯದು ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೌಕರಿಗಳಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಶೇಕಡಾ 1ರ ಮೀಸಲಾತಿ ತಂದಿತು, ಯಾವ ರಾಜ್ಯವೂ ಅದಕ್ಕೆ ಮೊದಲು ತಂದಿರಲಿಲ್ಲ. ನೌಕರಿಗೆ ಅರ್ಜಿ ಹಾಕಬೇಕೆಂದರೆ ಗುರುತಿನ ಕಾಗದ ಬೇಕು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ ಹೇಳಿದ ಕ್ರಮ ಹೀಗಿತ್ತು: ಜಿಲ್ಲಾಧಿಕಾರಿಗೆ ಅರ್ಜಿ, ಜೊತೆಗೆ ಅಫಿಡವಿಟ್, ಮೈ ತಪಾಸಣೆ ಇಲ್ಲದೆ 'ಟ್ರಾನ್ಸ್‌ಜೆಂಡರ್' ಎಂದು ಒಂದು ಪ್ರಮಾಣಪತ್ರ. ಗಂಡು ಅಥವಾ ಹೆಣ್ಣು ಎಂದೇ ಬರೆಸಬೇಕಾದರೆ ಶಸ್ತ್ರಚಿಕಿತ್ಸೆ ಆಗಿರಬೇಕಿತ್ತು, ಆಸ್ಪತ್ರೆಯ ಮೇಲಧಿಕಾರಿಯ ಪತ್ರ ತಂದು ಜಿಲ್ಲಾಧಿಕಾರಿಯ ಮುಂದೆ ಮತ್ತೊಮ್ಮೆ ಅರ್ಜಿ ಹಾಕಬೇಕಿತ್ತು.

ಸತ್ಯಕ್ಕನ 'ಪ್ರಮಾಣಿಸಲಿಲ್ಲ' ಎಂಬ ಪದವನ್ನು ಈ 'ಪ್ರಮಾಣಪತ್ರ'ದ ಪಕ್ಕ ಇಟ್ಟರೆ ನಗು ಬರುತ್ತದೆ, ಆದರೆ ಅರ್ಜಿ ಹಿಡಿದು ನಿಂತವರಿಗೆ ಬರುವುದಿಲ್ಲ. ಅವರಿಗೆ ಆ ಕಾಗದ ಬೇಕು. ರೇಷನ್ ಕಾರ್ಡಿಗೆ ಬೇಕು, ಬ್ಯಾಂಕಿಗೆ ಬೇಕು, ಬಾಡಿಗೆ ಮನೆಗೆ ಬೇಕು. ಕಾಯ್ದೆಯ ಎರಡು ಮೆಟ್ಟಿಲುಗಳನ್ನು ನೋಡಿದರೆ, ಮೊದಲನೆಯದು ದಾಸಿಮಯ್ಯನ ಕೊನೆಯ ಸಾಲಿನ ಹಾಗಿತ್ತು: ಇವರು ಹೆಣ್ಣೂ ಅಲ್ಲ ಗಂಡೂ ಅಲ್ಲ, ನಾವು ಒಪ್ಪಿದೆವು, ತಗೊಳ್ಳಿ. ಎರಡನೆಯ ಮೆಟ್ಟಿಲಿಗೆ ಬಂದ ಕೂಡಲೇ ಅವನ ಮೊದಲ ಸಾಲಿಗೆ ಮರಳಿತು: ಮೊಲೆ ಬಂದಡೆ ಹೆಣ್ಣೆಂಬರು. ಹುಲಿಗಿಯಲ್ಲಿ ಒಂದು ದಾರ ಹರಿದರೆ ಆಗುತ್ತಿದ್ದ ಕೆಲಸಕ್ಕೆ ಇಲ್ಲಿ ಮೈಗೆ ಕತ್ತಿ ತಾಗಬೇಕಿತ್ತು.

ಇಷ್ಟು ಶತಮಾನ ಕರ್ತೃವಿಲ್ಲದೆ ನಿಂತಿದ್ದ ಆ ಕ್ರಿಯಾಪದಕ್ಕೆ ಈಗ ಒಬ್ಬ ಕರ್ತೃ ಸಿಕ್ಕಿದ್ದಾನೆ. ಎಂಬರು, ಯಾರು? ಜಿಲ್ಲಾಧಿಕಾರಿಗಳು. ಕೆಳಗೆ ಸಹಿ ಇದೆ, ಮೊಹರು ಇದೆ, ತಾರೀಕು ಇದೆ.